ಬಟ್ಟೆಗೆ ಹೊಡೆಯುವ ಮೊಳೆ: ಆನ್‌ಲೈನ್ ಡಬ್ಬಿಗಿಂತ ಶಿವರಾಂಪೇಟೆಯ ಪೊಟ್ಟಣವೇ ವಾಸಿ

ದಸರಾಗೆ ಗೊಂಬೆ ಕೂರಿಸಲು ನಮ್ಮ ಮನೆಯಲ್ಲಿ ಪ್ಲೈವುಡ್ಡಿನ ಏಳು ಮೆಟ್ಟಿಲಿವೆ. ಅದಕ್ಕೆ ಬಿಳಿ ಬಟ್ಟೆ ಎಳೆದು ಮೊಳೆ ಹೊಡೆಯುವುದು ನನ್ನ ಪಾಲಿನ ಕೆಲಸ. ಸುಮ್ನೆ ಹಾಸಿದರೆ ಸಾಲದಾ ಅಂತ ಕೇಳಬೇಡಿ, ಒಂದು ವರ್ಷ ಹಾಗೇ ಹಾಸಿ, ಮೂರನೇ ದಿನ ಬಟ್ಟೆ ಜಾರಿ ಶೆಟ್ಟಿ ಗೊಂಬೆ ತನ್ನ ಅಂಗಡಿ ಸಮೇತ ನೆಲಕ್ಕೆ ಬಿದ್ದಿತ್ತು.

ಹೋದ ದಸರಾಗೆ ಆನ್‌ಲೈನಲ್ಲಿ ಮೊಳೆ ತರಿಸಿದೆ. ಹೆಸರು ಬೇಡ. ಆರು ಖಾನೆಯ ಚೆಂದದ ಡಬ್ಬಿ, ಆರು ಅಳತೆ. ಆದರೆ ತುದಿ ಮೊಂಡು, ಎರಡು ಏಟಿಗೇ ಸೊಟ್ಟ. ತಲೆಯಂತೂ ಎಷ್ಟು ಚಿಕ್ಕದು ಅಂದರೆ ಬಟ್ಟೆ ಬಿಗಿಯಾಗಿ ಎಳೆದ ಕೂಡಲೇ ಮೊಳೆಯಿಂದ ಕಳಚಿ ಬರುತ್ತಿತ್ತು. ಮರದ ಅಂಚಿಗೆ ಹೊಡೆಯುವ ತೆಳು ಬೀಡಿಂಗ್ ಪಟ್ಟಿಗಾದರೆ ಅಂಥ ತಲೆಯೇ ಸರಿ, ಅಲ್ಲಿ ಮೊಳೆ ಕಾಣಬಾರದು. ಬಟ್ಟೆಗೆ ಆಗಲ್ಲ.

ಕೊನೆಗೆ ಮೈಸೂರಿನ ಶಿವರಾಂಪೇಟೆಯ ಹಳೇ ಹಾರ್ಡ್‌ವೇರ್ ಅಂಗಡಿಗೆ ಹೋದೆ. "ಬಟ್ಟೆಗೋ ಮರಕ್ಕೋ ಸಾರ್?" ಅದೊಂದೇ ಪ್ರಶ್ನೆ. ಬಟ್ಟೆಗೆ ಅಂದಿದ್ದೇ ತಡ, ತಗಡಿನ ಡಬ್ಬದಿಂದ ಒಂದು ಹಿಡಿ ತೆಗೆದು ತೂಗಿದರು. ಸೋಫಾ ಕೆಲಸದವರು ಬಳಸುವ ನೀಲಿಗಪ್ಪು ಮೊಳೆ, ಅರ್ಧ ಇಂಚು. ತಲೆ ಅಗಲ, ಚಪ್ಪಟೆ. ತಂತಿ ಮೊಳೆಯ ಹಾಗೆ ಉದ್ದಕ್ಕೂ ಒಂದೇ ದಪ್ಪ ಅಲ್ಲ, ಕೆಳಗೆ ಹೋಗ್ತಾ ಸಪೂರವಾಗಿ ತುದಿ ಸೂಜಿಯಂತಿರುತ್ತದೆ. ಬೆರಳಲ್ಲಿ ಒತ್ತಿದರೇ ಪ್ಲೈವುಡ್ಡಿಗೆ ಕಚ್ಚಿಕೊಳ್ಳುತ್ತದೆ, ಆಮೇಲೆ ಎರಡು ಏಟು ಸಾಕು. 100 ಗ್ರಾಂಗೆ 30 ರೂಪಾಯಿ ಕೊಟ್ಟೆ, ಏಳೂ ಮೆಟ್ಟಿಲಿಗೆ ಹೊಡೆದು ಇನ್ನೂ ಉಳಿಯಿತು.

ಮೊದಲು ನಡುವೆ ಒಂದು, ಆಮೇಲೆ ಎರಡೂ ಮೂಲೆ ಕಡೆಗೆ ಹೊಡೆಯುತ್ತಾ ಹೋದರೆ ಸುಕ್ಕು ಬರಲ್ಲ. ಎಲ್ಲವನ್ನೂ ಅರ್ಧಕ್ಕೇ ಬಿಟ್ಟಿರಿ, ಬಟ್ಟೆ ನೆಟ್ಟಗಿದೆ ಅಂತ ನೋಡಿಕೊಂಡು ಕೊನೆಗೆ ಪೂರ್ತಿ ಹೊಡೆದರಾಯಿತು. ಬೆರಳಿನ ಭಯ ಇದ್ದರೆ ಹಳೇ ಬಾಚಣಿಗೆಯ ಹಲ್ಲಿನ ಸಂದಿಗೆ ಮೊಳೆ ಸಿಕ್ಕಿಸಿ ಹಿಡಿಯಿರಿ. ನನ್ನ ಹೆಂಡತಿ ನಕ್ಕಳು, ಆದರೆ ಹೆಬ್ಬೆರಳು ಉಳಿಯಿತು.

ತಪ್ಪೇ ಇಲ್ಲ ಅಂತಲ್ಲ. ಉಳಿದದ್ದನ್ನು ಬಚ್ಚಲಮನೆ ಕಿಟಕಿಯ ಸೊಳ್ಳೆ ಪರದೆಗೆ ಹೊಡೆದೆ, ಮಳೆಗಾಲ ಮುಗಿಯುವುದರೊಳಗೆ ತುಕ್ಕು ಹಿಡಿದು ಪರದೆಗೆಲ್ಲ ಕಂದು ಕಲೆ. ಆ ನೀಲಿ ಬಣ್ಣ ನೀರು ತಡೆಯಲ್ಲ. ಒದ್ದೆ ಜಾಗಕ್ಕೆ ಸತು ಲೇಪಿಸಿದ ಜಿಐ ಮೊಳೆಯನ್ನೇ ಕೇಳಿ, ಇಲ್ಲವೇ ಹಿತ್ತಾಳೆಯದ್ದು, ಬೆಲೆ ಮಾತ್ರ ಜಾಸ್ತಿ.

ಇನ್ನೊಂದು, ಅಂಗಡಿಯವರು ಕಟ್ಟಿಕೊಡುವುದು ನ್ಯೂಸ್‌ಪೇಪರಲ್ಲಿ. ಮನೆ ಮುಟ್ಟುವಷ್ಟರಲ್ಲಿ ಪೊಟ್ಟಣ ತೂತಾಗಿ ಸ್ಕೂಟರ್ ಡಿಕ್ಕಿಯಲ್ಲೆಲ್ಲ ಮೊಳೆ. ಈ ಸಲ ಆ ಆರು ಖಾನೆಯ ಡಬ್ಬಿಯನ್ನೇ ತಗೊಂಡು ಹೋಗಿದ್ದೆ.