ಎನ್‌ವಿಡಿಎ: ಲೆಕ್ಕದ ಹಾಳೆಯನ್ನು ಓದಿ ಹೇಳುವ ತಂತ್ರಾಂಶ

ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಯ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ, ದೃಷ್ಟಿಯಿಲ್ಲದ ನನಗೆ ಎನ್‌ವಿಡಿಎ ಎಂಬ ಕಂಪ್ಯೂಟರ್ ಪರದೆಯಲ್ಲಿರುವುದನ್ನು ಧ್ವನಿಯಲ್ಲಿ ಓದಿ ಹೇಳುವ ತಂತ್ರಾಂಶವೇ ಉದ್ಯೋಗದ ಆಧಾರ. ಆಸ್ಟ್ರೇಲಿಯದ ಮೈಕಲ್ ಕರನ್ 2006ರಲ್ಲಿ ಆರಂಭಿಸಿ, ಜೇಮ್ಸ್ ಟೆ ಅವರೊಂದಿಗೆ ಬೆಳೆಸಿದ ಇದು ಸಂಪೂರ್ಣ ಉಚಿತ. ಅವರಿಬ್ಬರೂ ದೃಷ್ಟಿಹೀನರೇ ಆಗಿರುವುದು ಇದರ ಪ್ರತಿಯೊಂದು ಕೀಲಿಯಲ್ಲೂ ಅರಿವಾಗುತ್ತದೆ.

ಎಕ್ಸೆಲ್ ಹಾಳೆಯಲ್ಲಿ ಬಾಣದ ಕೀಲಿಯನ್ನು ಒತ್ತಿದಂತೆಲ್ಲ ಅಂಕಿಯ ಜೊತೆಗೆ ‘ಬಿ 14’ ಎಂದು ಅದರ ಸ್ಥಾನವನ್ನೂ ಹೇಳುವುದರಿಂದ, ಒಣಮೆಣಸಿನಕಾಯಿ ಚೀಲದ ತೂಕ ಯಾವುದು, ದರ ಯಾವುದು ಎಂಬ ಗೊಂದಲವಾಗುವುದಿಲ್ಲ. ಜೊತೆಗೆ ಬರುವ ಇ-ಸ್ಪೀಕ್ ಕನ್ನಡ ಧ್ವನಿ ಯಾಂತ್ರಿಕವಾಗಿದ್ದರೂ ರೂಢಿಯಾದ ಮೇಲೆ ವೇಗವಾಗಿಯೂ ಅರ್ಥವಾಗುತ್ತದೆ. ಚಿತ್ರರೂಪದ ಇಂಗ್ಲಿಷ್ ಬಿಲ್ಲುಗಳನ್ನು ವಿಂಡೋಸಿನ ಅಕ್ಷರ ಗುರುತಿಸುವ ಸೌಲಭ್ಯದ ಮೂಲಕ ಓದಿಸಬಹುದು. ಆದರೆ ಮೊತ್ತವನ್ನು ತಾಳೆ ನೋಡದೆ ದಾಖಲಿಸಬಾರದು.

ನಿಜವಾದ ತೊಡಕು ಹಳೆಯ ಕನ್ನಡ ಕಡತಗಳದ್ದು. ಯುನಿಕೋಡ್ (ಪ್ರತಿ ಭಾಷೆಯ ಅಕ್ಷರಗಳಿಗೂ ತನ್ನದೇ ಸಂಕೇತ ಕೊಡುವ ಜಾಗತಿಕ ಪದ್ಧತಿ) ಅಲ್ಲದ ನುಡಿ ಫಾಂಟಿನಲ್ಲಿ ಟೈಪಿಸಿದ ಪತ್ರವು ನೋಡುವವರಿಗೆ ಕನ್ನಡವಾಗಿ ಕಂಡರೂ ಒಳಗೆ ಲ್ಯಾಟಿನ್ ಸಂಕೇತಗಳಾಗಿರುತ್ತದೆ. ‘ಕನ್ನಡ’ ಎಂದಿರುವಲ್ಲಿ ಪಿ, ಪೌಂಡ್ ಚಿಹ್ನೆ, ಕ್ಯೂ ಎಂದೆಲ್ಲ ಕೇಳಿಸಿ ಏನೂ ತಿಳಿಯದಂತಾಗುತ್ತದೆ. ಇದು ತಂತ್ರಾಂಶದ ದೋಷವಲ್ಲ, ಏಕೆಂದರೆ ಅದೇ ಪತ್ರವನ್ನು ಪರಿವರ್ತಕದ ಮೂಲಕ ಯುನಿಕೋಡಿಗೆ ತಂದೊಡನೆ ಎನ್‌ವಿಡಿಎ ಸರಾಗವಾಗಿ ಓದುತ್ತದೆ. ನನ್ನಂಥ ನೌಕರರಿರುವ ಕಡೆಗೆ ಪತ್ರ ಕಳಿಸುವ ಕಚೇರಿಗಳು ಮೊದಲೇ ಯುನಿಕೋಡಿನಲ್ಲಿ ಬರೆಯಬೇಕೆಂದು ಕಳಕಳಿಯಿಂದ ಕೋರುತ್ತೇನೆ. ಲೆಕ್ಕಪತ್ರದ ಕೆಲಸ ಹುಡುಕುತ್ತಿರುವ ದೃಷ್ಟಿಹೀನರು ಮೊದಲು ಕಲಿಯಬೇಕಾದ ತಂತ್ರಾಂಶ ಇದೇ ಎಂಬುದರಲ್ಲಿ ನನಗೆ ಸಂದೇಹವಿಲ್ಲ.