ಅಟ್ಟದಲ್ಲಿ ಸಿಕ್ಕ ಕ್ಷೌರದ ಕತ್ತಿಯನ್ನು ಸಾಣೆಗೆ ಹಿಡಿಯುವ ಮೊದಲು

ನಿಮ್ಮ ಮನೆಯ ಹಳೇ ಟ್ರಂಕಿನಲ್ಲೋ ಅಟ್ಟದಲ್ಲೋ ಅಜ್ಜನ ಕಾಲದ ಮಡಿಚುವ ಕ್ಷೌರದ ಕತ್ತಿ ಸಿಕ್ಕಿದ್ದರೆ, ದಯವಿಟ್ಟು ಇವತ್ತೇ ಅದನ್ನು ಮಸೆಯಲು ಕೂರಬೇಡಿ. ನಾನು ಕೂತೆ. ದವಡೆಗೆ ನಾಲ್ಕು ಹೊಲಿಗೆ ಬಿತ್ತು. ಆ ಗಾಯ ಮೂರು ವಾರದಲ್ಲಿ ಮಾಯಿತು. ಕತ್ತಿಗೆ ಆದ ಗಾಯ ಮಾಯುವಂಥದ್ದಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅಜ್ಜ ಹೋಗಿ ತುಂಬಾ ವರ್ಷ ಆಗಿತ್ತು. ತೀರ್ಥಹಳ್ಳಿ ಹತ್ತಿರದ ಹಳೇ ಮನೆಗೆ ಹೆಂಚು ಬದಲಿಸುವಾಗ ಅಟ್ಟದ ಮೇಲೆ ಒಂದು ತಗಡಿನ ಡಬ್ಬಿ ಸಿಕ್ಕಿತು. ಒಳಗೆ ಎಣ್ಣೆ ಬಟ್ಟೆಯಲ್ಲಿ ಸುತ್ತಿಟ್ಟ ಕತ್ತಿ. ದಂತದ ಬಣ್ಣದ ಹಿಡಿ. ಅಲಗಿನ ಬುಡದಲ್ಲಿ ಸೋಲಿಂಗೆನ್ ಅನ್ನುವ ಮುದ್ರೆ. ಅಲಗಿನ ಮೇಲೆ ಚಿನ್ನದ ಬಣ್ಣದ ಸಣ್ಣ ಅಕ್ಷರಗಳು, ಅಲ್ಲಲ್ಲಿ ತುಕ್ಕಿನ ಚುಕ್ಕೆ. ಸೋಲಿಂಗೆನ್ ಅಂದರೆ ಜರ್ಮನಿಯ ಊರು. ನೂರಾರು ವರ್ಷಗಳಿಂದ ಕತ್ತಿ, ಚಾಕು, ಕತ್ತರಿಗೆ ಹೆಸರಾದದ್ದು. ಅಮೆರಿಕದ ಕಿಂಗ್ ಜಿಲೆಟ್ ತನ್ನ ಸೇಫ್ಟಿ ರೇಜರ್‌ಗೆ 1904ರಲ್ಲಿ ಪೇಟೆಂಟ್ ಪಡೆದ. ಆದರೂ ಬಿಸಾಡುವ ಬ್ಲೇಡು ನಮ್ಮ ಹಳ್ಳಿಗಳ ಕಡೆ ಬರಲು ಇನ್ನೂ ಕಾಲ ಹಿಡಿಯಿತು. ಅಜ್ಜ ಹಿತ್ತಲ ಬಾಗಿಲ ಹತ್ತಿರ ಚಿಕ್ಕ ಕನ್ನಡಿ ಇಟ್ಟುಕೊಂಡು ಈ ಕತ್ತಿಯಲ್ಲೇ ಗಡ್ಡ ತೆಗೆಯುತ್ತಿದ್ದುದು ನನಗೆ ಮಸುಕಾಗಿ ನೆನಪಿದೆ. ನಾನೂ ಅದರಲ್ಲೇ ಕಲಿಯಬೇಕು ಅನಿಸಿತು. ಆಸೆ ತಪ್ಪಲ್ಲ. ಅವಸರ ತಪ್ಪು.

ಮೊದಲ ಹಾನಿ ಮಸೆಯುವ ಮೊದಲೇ ಆಯಿತು. ತುಕ್ಕು ತೆಗೆಯೋಣ ಅಂತ ಮರಳು ಕಾಗದದಲ್ಲಿ ಉಜ್ಜಿದೆ. ಐದೇ ನಿಮಿಷದಲ್ಲಿ ತುಕ್ಕಿನ ಜೊತೆ ಚಿನ್ನದ ಅಕ್ಷರಗಳೂ ಬಹುತೇಕ ಹೋದವು. ಆ ಬಣ್ಣ ಅಲಗಿನ ಮೇಲೆ ತೆಳ್ಳಗೆ ಕೂತಿರುತ್ತದೆ, ಬೆರಳಿನಿಂದ ಜೋರಾಗಿ ಉಜ್ಜಿದರೂ ಸವೆಯುತ್ತದೆ. ಆಮೇಲೆ ರೋಗಾಣು ಸಾಯಲಿ ಅಂತ ಕತ್ತಿಯನ್ನು ಪೂರ್ತಿ ಕುದಿಯುವ ನೀರಿಗೆ ಹಾಕಿದೆ. ದಂತದ ಬಣ್ಣ ಇತ್ತು ಅಂದೆನಲ್ಲ, ಅದು ದಂತವಲ್ಲ, ಸೆಲ್ಯುಲಾಯ್ಡ್. ಬಿಸಿನೀರಿಗೆ ಅದು ಮೆತ್ತಗಾಗುತ್ತದೆ. ಹಿಡಿ ಸೊಟ್ಟಗಾಯಿತು. ಈಗ ಕತ್ತಿ ಮಡಿಚಿದರೆ ಅಲಗು ನೆಟ್ಟಗೆ ನಡುವೆ ಕೂರುವುದಿಲ್ಲ, ಒಂದು ಬದಿಗೆ ಒರೆಸಿಕೊಂಡು ಒಳಗೆ ಹೋಗುತ್ತದೆ. ಹಾಗೆ ಒರೆಸಿದಾಗೆಲ್ಲ ಬಾಯಿ, ಅಂದರೆ ಅಲಗಿನ ಹರಿತದ ಅಂಚು, ಹಾಳು. ಹಳೇ ಕತ್ತಿಯ ಅಲಗನ್ನು ಮಾತ್ರ ಸ್ಪಿರಿಟ್ ಹತ್ತಿಯಲ್ಲಿ ಒರೆಸಿ, ಸಾಕು. ಹಿಡಿಯನ್ನು ಕುದಿಸಲೇಬೇಡಿ.

ಎರಡನೆಯದು ಕಲ್ಲು. ಪೇಟೆಯ ಹಾರ್ಡ್‌ವೇರ್ ಅಂಗಡಿಯಿಂದ ಕಾರ್ಬೊರಂಡಂ ಸಾಣೆಕಲ್ಲು ತಂದೆ, ಒಂದು ಬದಿ ಒರಟು, ಇನ್ನೊಂದು ಬದಿ ನುಣುಪು. ಮನೆಯಲ್ಲಿ ಕುಡುಗೋಲು, ಮೆಟ್ಟುಗತ್ತಿ ಎಲ್ಲ ಅಂಥದ್ದರಲ್ಲೇ ಮಸೆಯುತ್ತೇವೆ ಅಲ್ವಾ, ಇದೂ ಹಾಗೇ ಅಂದುಕೊಂಡೆ. ಇಲ್ಲೇ ನಾನು ಪೂರ್ತಿ ಎಡವಿದ್ದು. ಈ ಮಾತು ಸ್ವಲ್ಪ ಬಿಡಿಸಿ ಹೇಳಬೇಕು.

ಅಡುಗೆ ಚಾಕು ಮಸೆಯುವಾಗ ನಾವು ಬೆನ್ನನ್ನು ಕಲ್ಲಿನಿಂದ ಸ್ವಲ್ಪ ಮೇಲೆತ್ತಿ ಹಿಡಿಯುತ್ತೇವೆ. ಕೋನ ನಮ್ಮ ಕೈಯಲ್ಲಿರುತ್ತದೆ. ಕ್ಷೌರದ ಕತ್ತಿಯಲ್ಲಿ ಕೋನ ಕತ್ತಿಯಲ್ಲೇ ಇದೆ. ಅದರ ಬೆನ್ನು ದಪ್ಪ. ಬೆನ್ನು ಮತ್ತು ಬಾಯಿ ಎರಡೂ ಒಟ್ಟಿಗೆ ಕಲ್ಲಿಗೆ ತಾಗುವಂತೆ ಅಡ್ಡ ಮಲಗಿಸಿದರೆ, ಬೆನ್ನಿನ ದಪ್ಪವೇ ಕೋನವನ್ನು ಕಾಯುತ್ತದೆ. ಎರಡು ಬದಿ ಸೇರಿ ಸುಮಾರು 15ರಿಂದ 17 ಡಿಗ್ರಿ ಬರುತ್ತದೆ. ಅಡುಗೆ ಚಾಕುವಿನದು ಎಷ್ಟೋ ಸಲ ಅದರ ಎರಡರಷ್ಟಿರುತ್ತದೆ. ಬೆನ್ನು ಮೇಲೆತ್ತಿ ಮಸೆದ ಕೂಡಲೇ ಕ್ಷೌರದ ಕತ್ತಿ ಅಡುಗೆ ಚಾಕು ಆಗಿಬಿಡುತ್ತದೆ. ನಾನು ಮಾಡಿದ್ದು ಅದನ್ನೇ, ಅರ್ಧ ಗಂಟೆ, ಅದೂ ಒತ್ತಿ ಒತ್ತಿ.

ಒತ್ತುವುದೂ ಬೇರೆಯೇ ತಪ್ಪು. ಈ ಅಲಗಿನ ಎರಡೂ ಬದಿ ಒಳಕ್ಕೆ ಬಾಗಿದಂತೆ ಕೊರೆದಿರುತ್ತಾರೆ. ಬಾಯಿಯ ಹತ್ತಿರ ಎಷ್ಟು ತೆಳು ಅಂದರೆ ಉಗುರಿನ ಮೇಲೆ ಹಗುರಾಗಿ ಒತ್ತಿದರೆ ಬಾಗುವುದು ಕಣ್ಣಿಗೇ ಕಾಣುತ್ತದೆ. ಕಲ್ಲಿನ ಮೇಲೆ ಒತ್ತಿದರೆ ಬಾಯಿ ಮೇಲಕ್ಕೆ ಮಣಿಯುತ್ತದೆ, ಸವೆಯಬೇಕಾದ ಜಾಗ ಬಿಟ್ಟು ಬೇರೆಲ್ಲೋ ಸವೆಯುತ್ತದೆ. ಕತ್ತಿಯ ತೂಕ, ಅದರ ಮೇಲೆ ಬೆರಳಿನ ಒಂಚೂರು ಭಾರ, ಅಷ್ಟೇ ಸಾಕು.

ಇನ್ನು ಕಲ್ಲಿನ ನುಣುಪು. ಇದನ್ನು ಅಂಕಿಯಲ್ಲಿ ಹೇಳುತ್ತಾರೆ, ಅಂಕಿ ಹೆಚ್ಚಿದಷ್ಟೂ ಕಲ್ಲು ನುಣುಪು. ಅಂಗಡಿಯ ಆ ಕಲ್ಲಿನ ನುಣುಪು ಬದಿ ಸಾಮಾನ್ಯವಾಗಿ 240ರ ಆಸುಪಾಸು. ಕ್ಷೌರದ ಕತ್ತಿಗೆ ಬಾಯಿ ಕೂರಿಸುವ ಕೆಲಸವೇ 1000ದ ಕಲ್ಲಿನಿಂದ ಶುರು. ಆಮೇಲೆ 4000 ಅಥವಾ 5000, ಆಮೇಲೆ 8000, ಕೊನೆಗೆ 12000 ಅಥವಾ ಅದಕ್ಕೆ ಸಮನಾದ ನೈಸರ್ಗಿಕ ಕಲ್ಲು. ಬೆಲ್ಜಿಯಂನ ಆರ್ಡೆನ್ ಗುಡ್ಡಗಳಲ್ಲಿ ಸಿಗುವ ಹಳದಿ ಬಣ್ಣದ ಕೊಟಿಕ್ಯೂಲ್ ಕಲ್ಲು ಈ ಕೆಲಸಕ್ಕೆ ತುಂಬಾ ಹೆಸರುವಾಸಿ. 240ರ ಕಲ್ಲು ಇದಕ್ಕೆ ಅರದ ಲೆಕ್ಕ. ಅದು ಬಾಯಿಯನ್ನು ಹರಿತ ಮಾಡುವುದಿಲ್ಲ, ಗರಗಸ ಮಾಡುತ್ತದೆ.

ಆದರೆ ಮೋಸ ಹೇಗೆ ಆಗುತ್ತದೆ ನೋಡಿ. ಮಸೆದ ಮೇಲೆ ಮುಂಗೈ ಕೂದಲ ಮೇಲೆ ಆಡಿಸಿ ನೋಡಿದೆ. ಕೂದಲು ಸಲೀಸಾಗಿ ಉದುರಿತು. ಹರಿತ ಆಯಿತು ಅಂತ ಖುಷಿಪಟ್ಟೆ. ಒರಟು ಕಲ್ಲಿನಲ್ಲಿ ಒತ್ತಿ ಮಸೆದಾಗ ಬಾಯಿಯ ತುದಿಯಲ್ಲಿ ತಂತಿಯಂಥ ಒಂದು ತೆಳು ಎಳೆ ಏಳುತ್ತದೆ. ಮುಂಗೈ ಕೂದಲನ್ನು ಕತ್ತರಿಸಿದ್ದು ಆ ಎಳೆ. ಅದು ನಿಲ್ಲುವಂಥದ್ದಲ್ಲ. ಒರಟು ಗಡ್ಡಕ್ಕೆ ತಾಗಿದ ಕೂಡಲೇ ಮಡಿಚಿಕೊಳ್ಳುತ್ತದೆ, ಇಲ್ಲವೇ ಮುರಿದು ಬೀಳುತ್ತದೆ. ಮುಂಗೈ ಕೂದಲು ಹೋಯಿತು ಅಂದ ಮಾತ್ರಕ್ಕೆ ಕತ್ತಿ ಮುಖಕ್ಕೆ ತಯಾರು ಅಂತ ದಯವಿಟ್ಟು ನಂಬಬೇಡಿ.

ಕಲ್ಲಿನಲ್ಲಿ ಮಸೆದ ಮೇಲೆ ಬಾಯಿ ನಯವಾಗಲು ಕತ್ತಿಯನ್ನು ಚರ್ಮದ ಪಟ್ಟಿಯ ಮೇಲೆ ಆಡಿಸುತ್ತಾರೆ. ಆ ಪಟ್ಟಿಯ ಬದಲು ನನ್ನ ಹಳೇ ಬೆಲ್ಟನ್ನು ಕಿಟಕಿ ಸರಳಿಗೆ ಕಟ್ಟಿದೆ. ಸಡಿಲವಾಗಿ ಜೋತಾಡುತ್ತಿತ್ತು. ಅದರ ಮೇಲೆ ಕಲ್ಲಿನ ಮೇಲೆ ಆಡಿಸಿದ ಹಾಗೇ ಬಾಯಿ ಮುಂದಾಗಿ ಎಳೆದೆ. ಮೂರನೇ ಸಲಕ್ಕೆ ಬೆಲ್ಟಿಗೆ ಕಚ್ಚು ಬಿತ್ತು. ಕಲ್ಲಿನ ಮೇಲೆ ಬಾಯಿ ಮುಂದೆ, ಚರ್ಮದ ಮೇಲೆ ಬೆನ್ನು ಮುಂದೆ. ಇದೊಂದು ತಿಳಿದಿದ್ದರೂ ಅರ್ಧ ಹಾನಿ ತಪ್ಪುತ್ತಿತ್ತು.

ಮರುದಿನ ಬೆಳಿಗ್ಗೆ ಸ್ನಾನಕ್ಕೆ ಮೊದಲು ಮುಖಕ್ಕೆ ನೊರೆ ಹಚ್ಚಿ ನಿಂತೆ. ಎಡಕೆನ್ನೆಯ ಮೇಲೆ ಎರಡು ಎಳೆತ ಬಂತು. ಚರ ಚರ ಸದ್ದು, ಉರಿ. ಹರಿತವಾದ ಕತ್ತಿಗೂ ಸದ್ದಿದೆ, ಆದರೆ ಕೂದಲು ಜಗ್ಗಿದ ಹಾಗೆ ಆಗುವುದಿಲ್ಲ. ಅಲ್ಲೇ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ, ಇನ್ನೂ ಸ್ವಲ್ಪ ಒತ್ತಿದೆ. ದವಡೆಯ ಮೂಲೆಗೆ ಬಂದಾಗ ಗಡ್ಡ ಒರಟು, ಕತ್ತಿ ಅಲ್ಲೇ ಸಿಕ್ಕಿಕೊಂಡಿತು. ಬಿಡಿಸಿಕೊಳ್ಳಲು ಕೈ ಸ್ವಲ್ಪ ಅಡ್ಡಕ್ಕೆ ಜಾರಿತು, ಒಂದು ಬೆರಳಿನ ಅಗಲವೂ ಇಲ್ಲ. ನೋವು ಕೂಡಲೇ ಗೊತ್ತಾಗಲಿಲ್ಲ. ಬಿಳಿ ನೊರೆಯಲ್ಲಿ ಒಂದು ಕೆಂಪು ಗೆರೆ ಕಂಡಿತು, ಗೆರೆ ಅಗಲವಾಯಿತು, ಆಮೇಲೆ ನೊರೆಯೇ ಕರಗಿ ಕುತ್ತಿಗೆಗೆ ಇಳಿಯಿತು.

ಕ್ಷೌರದ ಕತ್ತಿ ಬಾಯಿಗೆ ಅಡ್ಡಲಾಗಿ ಚಲಿಸಿದಾಗ ಗಡ್ಡ ತೆಗೆಯುತ್ತದೆ. ಬಾಯಿಯ ಉದ್ದಕ್ಕೆ ಜಾರಿದರೆ ಚರ್ಮ ಸೀಳುತ್ತದೆ. ಮೊಂಡು ಕತ್ತಿ ಕೂಡ ಹಾಗೆ ಜಾರಿದಾಗ ಸೀಳುತ್ತದೆ. ಮೊಂಡಾದರೆ ಅಪಾಯ ಕಡಿಮೆ ಅಂತ ನಾನು ಒಳಗೊಳಗೇ ಅಂದುಕೊಂಡಿದ್ದೆ. ಉಲ್ಟಾ. ಮೊಂಡಾಗಿದ್ದಕ್ಕೇ ಒತ್ತಿದೆ, ಒತ್ತಿದ್ದಕ್ಕೇ ಸಿಕ್ಕಿಕೊಂಡಿತು, ಸಿಕ್ಕಿಕೊಂಡಿದ್ದಕ್ಕೇ ಜಾರಿತು.

ಪಟಿಕದ ಕಲ್ಲು ಸಣ್ಣಪುಟ್ಟ ಗೀರಿಗೆ ಸರಿ, ಇಂಥ ಗಾಯಕ್ಕೆ ಸಾಲದು. ಒಗೆದ ಬಟ್ಟೆಯನ್ನು ಮಡಿಚಿ ಗಟ್ಟಿಯಾಗಿ ಒತ್ತಿ ಹಿಡಿದು ಆಸ್ಪತ್ರೆಗೆ ಹೋದೆ. ನಾಲ್ಕು ಹೊಲಿಗೆ, ಟಿಟಿ ಇಂಜೆಕ್ಷನ್. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ಈ ಪ್ರಯೋಗಕ್ಕೆ ಇಳಿಯಲೇಬಾರದು ಅನ್ನುವುದು ನನ್ನ ಅಭಿಪ್ರಾಯ.

ಗಾಯ ಒಣಗಿದ ಮೇಲೆ ಕತ್ತಿಯನ್ನು ಪೇಟೆಯಲ್ಲಿ ಒಬ್ಬ ಹಿರಿಯರ ಹತ್ತಿರ ತೆಗೆದುಕೊಂಡು ಹೋದೆ. ಜೀವಮಾನವಿಡೀ ಕ್ಷೌರ ಮಾಡಿದವರು, ಈಗ ಅಂಗಡಿ ಮಗನ ಕೈಯಲ್ಲಿದೆ. ಈಗ ಸಲೂನ್‌ಗಳಲ್ಲಿ ನಾವು ನೋಡುವ ಕತ್ತಿ ಬೇರೆ. ಅದಕ್ಕೆ ಅರ್ಧ ಮುರಿದ ಬ್ಲೇಡು ಹಾಕಿ, ಒಬ್ಬರಿಗೆ ಬಳಸಿ ಬಿಸಾಡುತ್ತಾರೆ. ಇವರು ಎರಡನ್ನೂ ಬಳಸಿದವರು. ಕತ್ತಿ ಬಿಚ್ಚಿ, ಬಾಯಿಯನ್ನು ಮೇಲೆ ಮಾಡಿ ಕಿಟಕಿ ಬೆಳಕಿಗೆ ಹಿಡಿದರು. ನಿಧಾನವಾಗಿ ಆ ಕಡೆ ಈ ಕಡೆ ಓರೆ ಮಾಡಿದರು. "ಬಾಯಿ ಬೆಳ್ಳಗೆ ಕಾಣ್ತಿದೆ ನೋಡಿ" ಅಂದರು. ನಿಜ, ತುದಿಯುದ್ದಕ್ಕೂ ಒಂದು ಬಿಳಿ ಗೆರೆ ಮಿಂಚುತ್ತಿತ್ತು. ಹರಿತವಾದ ಬಾಯಿಗೆ ಬೆಳಕು ಹೊಳೆಯುವಷ್ಟು ಅಗಲವೇ ಇರುವುದಿಲ್ಲ. ಎಲ್ಲಿ ಮಿಂಚುತ್ತದೋ ಅಲ್ಲಿ ಮೊಂಡು, ಇಲ್ಲವೇ ಮುಕ್ಕು. ಇದಕ್ಕೆ ಯಾವ ಉಪಕರಣವೂ ಬೇಡ. ಕತ್ತಿ ಕೊಳ್ಳುವಾಗಲೂ ಇದೇ ಪರೀಕ್ಷೆ ಮಾಡಿ.

ಆಮೇಲೆ ಅವರು ಮೊಮ್ಮಗಳ ಮಾರ್ಕರ್ ಪೆನ್ನು ತರಿಸಿ, ಬಾಯಿಯ ಅಂಚಿಗೆ ಎರಡೂ ಬದಿ ಕಪ್ಪು ಬಳಿದರು. ತಮ್ಮ ಹಳೇ ಕಲ್ಲಿಗೆ ನೀರು ಸವರಿ, ಕತ್ತಿಯನ್ನು ಮಲಗಿಸಿ ಎರಡೇ ಎರಡು ಸಲ ಎಳೆದರು. ಕಪ್ಪು ಎಲ್ಲಿ ಅಳಿಸಿದೆಯೋ ಕಲ್ಲು ತಾಗಿದ್ದು ಅಲ್ಲಿ. ನನ್ನ ಕತ್ತಿಯಲ್ಲಿ ತುದಿಯ ಕಪ್ಪು ಹಾಗೇ ಇತ್ತು. ಬೆನ್ನೆತ್ತಿ ಮಸೆದು ನಾನು ಹೊಸದೊಂದು ಮೊಂಡು ಅಂಚು ಕಟ್ಟಿದ್ದೆ. ಅದನ್ನು ಪೂರ್ತಿ ಸವೆಸಿದರೇ ಮೊದಲಿನ ಕೋನ ಸಿಗುವುದು.

ಅವರಿಗೆ ಕೈ ನಡುಗುತ್ತದೆ, ಪೂರ್ತಿ ಮಾಡಿಕೊಡಲು ಆಗಲಿಲ್ಲ. ಬೆಂಗಳೂರಿನಲ್ಲಿ ಹವ್ಯಾಸಕ್ಕೆ ಈ ಕೆಲಸ ಮಾಡುವ ಒಬ್ಬರಿಗೆ ಕಳಿಸಿದೆ. 1000ದ ಕಲ್ಲಿನಲ್ಲೇ ಗಂಟೆಗಟ್ಟಲೆ ಹಿಡಿಯಿತಂತೆ. 16 ಮಿಲಿಮೀಟರ್ ಅಗಲ ಇದ್ದ ಅಲಗು 15ಕ್ಕಿಂತ ಕೆಳಗೆ ಇಳಿಯಿತು. ಅಜ್ಜ ಇಷ್ಟು ವರ್ಷ ಬಳಸಿ ಸವೆಸಿದ್ದಕ್ಕಿಂತ ಜಾಸ್ತಿ ಲೋಹ ನನ್ನ ಒಂದು ಮಧ್ಯಾಹ್ನಕ್ಕೆ ಹೋಯಿತು ಅಂತ ಕಾಣುತ್ತದೆ. ಸಾಣೆಕಲ್ಲಿನ ಬೂದು ನೀರು ನೆನಪಾದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಕಲಿಯಲೇಬೇಕು ಅನ್ನುವವರು ಕ್ಷೌರ ಮತ್ತು ಸಾಣೆ ಎರಡನ್ನೂ ಒಟ್ಟಿಗೆ ಕಲಿಯಬೇಡಿ. ಎರಡೂ ಗೊತ್ತಿಲ್ಲದಿದ್ದರೆ ಉರಿ ಬಂದಾಗ ತಪ್ಪು ಕೈಯದೋ ಕತ್ತಿಯದೋ ಅಂತ ತಿಳಿಯುವುದೇ ಇಲ್ಲ. ಮೊದಲು ಗೊತ್ತಿದ್ದವರಿಂದ ಮಸೆಸಿಕೊಂಡು, ಹರಿತ ಅಂದರೆ ಏನು ಅಂತ ಚರ್ಮಕ್ಕೆ ಗೊತ್ತಾಗಲಿ. ಆನ್‌ಲೈನ್‌ನಲ್ಲಿ ಕಡಿಮೆ ಬೆಲೆಗೆ ಸಿಗುವ, ಕ್ಷೌರಕ್ಕೆ ಸಿದ್ಧ ಅಂತ ಬರೆದ ಕತ್ತಿಗಳನ್ನು ಆ ಮಾತಿನ ಮೇಲೆ ನಂಬಬೇಡಿ. ನಾನು ಅಭ್ಯಾಸಕ್ಕೆ ಅಂತ ತರಿಸಿದ ಒಂದರ ಅಲಗು ತಿರುಚಿಕೊಂಡಿತ್ತು, ಕಲ್ಲಿನ ಮೇಲೆ ಇಟ್ಟರೆ ಎರಡು ಕಡೆ ಮಾತ್ರ ತಾಗುತ್ತಿತ್ತು. ತುದಿ ಚೂಪಾಗಿರುವುದೂ ಬೇಡ, ಹೊಸಬರಿಗೆ ದುಂಡು ತುದಿಯದು ಒಳ್ಳೆಯದು. ಕಿವಿಯ ಹತ್ತಿರ ಗೊತ್ತಾಗುತ್ತದೆ.

ನಾನು ಈಗ ಕೆನ್ನೆ ಮಾತ್ರ ಕತ್ತಿಯಲ್ಲಿ ಮಾಡುತ್ತೇನೆ. ಗಲ್ಲ, ಮೇಲ್ದುಟಿ, ಕುತ್ತಿಗೆಗೆ ಮಾಮೂಲಿ ರೇಜರ್. ಬಿಸಿನೀರಿನ ಬಟ್ಟೆ ಎರಡು ಮೂರು ನಿಮಿಷ, ದಪ್ಪ ನೊರೆ, ಇನ್ನೊಂದು ಕೈಯಲ್ಲಿ ಚರ್ಮ ಬಿಗಿ ಹಿಡಿದು, ಸುಮಾರು 30 ಡಿಗ್ರಿ ಓರೆಯಲ್ಲಿ, ಕೂದಲು ಬೆಳೆದ ದಿಕ್ಕಿಗೇ ಸಣ್ಣ ಸಣ್ಣ ಎಳೆತ. ಸ್ವಲ್ಪ ಜಗ್ಗಿದರೂ ಕತ್ತಿ ಕೆಳಗಿಡುತ್ತೇನೆ. ಕೈಯಿಂದ ಜಾರಿದರೆ ಹಿಡಿಯಲು ಹೋಗುವುದಿಲ್ಲ, ಬೀಳಲಿ ಅಂತ ಹಿಂದೆ ಸರಿಯುತ್ತೇನೆ. ಪ್ರತಿ ಸಲ ಮೊದಲು ಬಿಗಿಯಾಗಿ ಎಳೆದು ಹಿಡಿದ ಚರ್ಮದ ಪಟ್ಟಿಯ ಮೇಲೆ 40, 50 ಸಲ. ತಿರುಗಿಸುವಾಗ ಬೆನ್ನಿನ ಮೇಲೆ ಹೊರಳಿಸಬೇಕು, ಬಾಯಿಯ ಮೇಲಲ್ಲ. ಹೀಗೆ ಕಾದರೆ ಕಲ್ಲಿಗೆ ಹೋಗುವ ಪ್ರಸಂಗ ತಿಂಗಳುಗಟ್ಟಲೆ ಬರುವುದಿಲ್ಲ.

ನನ್ನ ಭಾವಮೈದ ಒಂದು ಸಲ ನೋಡ್ತೀನಿ ಕೊಡು ಅಂತ ಕೇಳಿದ. ಕೊಡಲಿಲ್ಲ, ಬೇಜಾರು ಮಾಡಿಕೊಂಡ. ಹೆಪಟೈಟಿಸ್ ಬಿ ವೈರಸ್ ದೇಹದ ಹೊರಗೆ, ಒಣಗಿದ ರಕ್ತದಲ್ಲಿ ಕಡಿಮೆ ಅಂದರೂ ಏಳು ದಿನ ಬದುಕಿರುತ್ತದೆ. ಕಣ್ಣಿಗೆ ಕಾಣದ ಗೀರು ಸಾಕು. ಒಂದು ಕತ್ತಿ ಒಂದೇ ಮುಖಕ್ಕೆ, ಮನೆಯವರಾದರೂ ಸರಿ.

ನಮ್ಮ ಕಡೆ ಮಳೆಗಾಲದಲ್ಲಿ ಗೋಡೆಯೇ ಬೆವರುತ್ತದೆ. ಬಚ್ಚಲಲ್ಲಿ ಬಿಟ್ಟರೆ ಒಂದು ರಾತ್ರಿಯಲ್ಲಿ ಅಲಗಿಗೆ ತುಕ್ಕಿನ ಚುಕ್ಕೆ ಬರುತ್ತದೆ. ಕತ್ತಿಯನ್ನು ಒರೆಸಿ, ಗಾಳಿಗೆ ಬಿಟ್ಟು, ಹೊಲಿಗೆ ಮಿಷನ್ನಿನ ಎಣ್ಣೆ ಒಂದು ತೊಟ್ಟು ಸವರಿ, ಮಕ್ಕಳ ಕೈಗೆ ಸಿಗದ ಹಾಗೆ ಬೀರುವಿನ ಮೇಲಿನ ಖಾನೆಯಲ್ಲಿ ಇಡುತ್ತೇನೆ. ಅದೇ ತಗಡಿನ ಡಬ್ಬಿ. ಚಿನ್ನದ ಅಕ್ಷರಗಳಲ್ಲಿ ಈಗ ಎರಡೇ ಉಳಿದಿವೆ. ಒರೆಸುವಾಗ ಆ ಜಾಗ ಬಿಟ್ಟು ಒರೆಸುತ್ತೇನೆ.