ಗಂಜಿನ ಲೆಕ್ಕಕ್ಕೆ ಸಿಗ್ನಲ್ ಆ್ಯಪ್: ಎರಡು ವರ್ಷ ಬಳಸಿದ ಮೇಲೆ

2023ರ ಡಿಸೆಂಬರ್‌ನಲ್ಲಿ ನನ್ನ ಫೋನಿನ ಡಿಸ್‌ಪ್ಲೇ ಒಡೆಯಿತು. ರಿಪೇರಿಗೆ ಕೊಟ್ಟೆ. ಟಚ್ ಸರಿ ಇದೆಯಾ ನೋಡಬೇಕು, ಪ್ಯಾಟರ್ನ್ ಹೇಳಿ ಅಂದರು. ಹೇಳಿದೆ. ಸಂಜೆ ವಾಪಸ್ ತರಲು ಹೋದಾಗ ಅಲ್ಲಿದ್ದ ಹುಡುಗ, "ಮೇಡಂ, ನಿಮ್ಮ ಗ್ಯಾಲರಿ ತುಂಬ ಬರೀ ಆಧಾರ್ ಕಾರ್ಡೇ ಅದಾವಲ್ರೀ" ಅಂದ. ಅವನ ಮನಸ್ಸಿನಲ್ಲಿ ಏನೂ ಇರಲಿಲ್ಲ, ಕಂಡದ್ದು ಹೇಳಿದ ಅಷ್ಟೆ. ನನಗೆ ಮಾತ್ರ ಅವತ್ತು ರಾತ್ರಿ ನಿದ್ದೆ ಹತ್ತಲಿಲ್ಲ.

ನಾನು ರಾಯಚೂರಿನಲ್ಲಿ ಟ್ಯಾಕ್ಸ್ ಕೆಲಸ ಮಾಡುತ್ತೇನೆ. ರಾಜೇಂದ್ರ ಗಂಜ್ ಅಂದರೆ ನಮ್ಮೂರಿನ ಕೃಷಿ ಮಾರುಕಟ್ಟೆ. ಅಲ್ಲಿನ ದಲಾಲಿ ಅಂಗಡಿಯವರು, ಎರಡು ಹತ್ತಿ ಮಿಲ್ಲು, ಒಂದಷ್ಟು ಕಿರಾಣಿ ಅಂಗಡಿ, ಕೆಲವು ಮಾಸ್ತರರು ನನ್ನ ಗಿರಾಕಿಗಳು. ಪ್ಯಾನ್, ಆಧಾರ್, ಬ್ಯಾಂಕ್ ಸ್ಟೇಟ್‌ಮೆಂಟ್, ಬಂಗಾರ ಒತ್ತೆ ಇಟ್ಟ ರಸೀದಿ, ಎಲ್ಲಾ ವಾಟ್ಸಾಪ್‌ನಲ್ಲೇ ಬರುತ್ತಿತ್ತು. ಬಂದ ಫೋಟೊ ತಾನಾಗಿ ಗ್ಯಾಲರಿಗೆ ಸೇರುತ್ತಿತ್ತು. ಆ ಸೆಟ್ಟಿಂಗ್ ತೆಗೆಯಬಹುದು, ನಾನು ತೆಗೆದಿರಲಿಲ್ಲ. ತಪ್ಪು ನನ್ನದೇ.

ನಮ್ಮಪ್ಪ ಗಂಜಿನಲ್ಲಿ ಮುನೀಮರಾಗಿದ್ದರು. ಮೂರು ಅಂಗಡಿಯ ಕಿರ್ದಿ ಖಾತೆ ಬರೆಯುತ್ತಿದ್ದರು. ಒಂದು ಅಂಗಡಿ ಲೆಕ್ಕ ಇನ್ನೊಂದು ಅಂಗಡಿಯಲ್ಲಿ ಬಾಯಿ ಬಿಟ್ಟವರಲ್ಲ. ಮನೆಯಲ್ಲಿ ಅವ್ವ ಕೇಳಿದರೂ ಹೇಳುತ್ತಿರಲಿಲ್ಲ. ಮಧ್ಯಾಹ್ನ ಊಟಕ್ಕೆ ಏಳುವಾಗ ಪುಸ್ತಕ ಮುಚ್ಚಿ, ದಾರ ಸುತ್ತಿ, ಪೆಟ್ಟಿಗೆಗೆ ಹಾಕಿಯೇ ಏಳುತ್ತಿದ್ದರು. ಅವರ ಮಗಳಾಗಿ ನಾನು ನೂರಾರು ಜನರ ಕಾಗದ ಗ್ಯಾಲರಿಯಲ್ಲಿ ಹರಡಿಕೊಂಡು ಓಡಾಡುತ್ತಿದ್ದೆ. ಅದೇ ವಾರ ಸಿಗ್ನಲ್ ಹಾಕಿಕೊಂಡೆ.

ಮೊದಲು ಇದು ಏನು ಅಂತ ಹೇಳಿಬಿಡುತ್ತೇನೆ. ಸಿಗ್ನಲ್ ವಾಟ್ಸಾಪ್ ಥರದ್ದೇ ಆ್ಯಪ್. ಮೆಸೇಜು, ಫೋಟೊ, ಪಿಡಿಎಫ್, ಕಾಲ್, ಗ್ರೂಪ್ ಎಲ್ಲ ಇದೆ. ದುಡ್ಡು ಕೊಡಬೇಕಿಲ್ಲ, ಜಾಹೀರಾತೂ ಇಲ್ಲ. ನಡೆಸುವುದು ಅಮೆರಿಕದ ಸಿಗ್ನಲ್ ಫೌಂಡೇಶನ್, ಲಾಭಕ್ಕಾಗಿ ನಡೆಯದ ಸಂಸ್ಥೆ. 2018ರಲ್ಲಿ ಅದನ್ನು ಕಟ್ಟಿದವರಲ್ಲಿ ಒಬ್ಬರು ಬ್ರಯಾನ್ ಆಕ್ಟನ್. ವಾಟ್ಸಾಪ್ ಹುಟ್ಟುಹಾಕಿದ ಇಬ್ಬರಲ್ಲಿ ಒಬ್ಬರು ಇವರೇ. ಫೇಸ್‌ಬುಕ್ ಬಿಟ್ಟು ಬಂದು ಇದಕ್ಕೆ 5 ಕೋಟಿ ಡಾಲರ್ ಹಾಕಿದರು. ಈಗ ಬಳಸುವವರು ಕೊಡುವ ದೇಣಿಗೆಯೂ ಖರ್ಚಿಗೆ ಆಧಾರ.

"ವಾಟ್ಸಾಪ್‌ಗೂ ಬೀಗ ಅದಲ್ರೀ, ಮತ್ತ ಇದ್ಯಾಕ?" ಅಂತ ಗಿರಾಕಿಗಳು ಕೇಳುತ್ತಾರೆ. ಹೌದು, ಇದೆ. 2016ರಿಂದ ವಾಟ್ಸಾಪ್ ಬಳಸುತ್ತಿರುವುದು ಸಿಗ್ನಲ್‌ನವರು ಮಾಡಿದ ಬೀಗವನ್ನೇ. ಕಳಿಸುವವರ ಫೋನಿನಲ್ಲಿ ಬೀಗ ಬೀಳುತ್ತದೆ, ಪಡೆಯುವವರ ಫೋನಿನಲ್ಲೇ ತೆರೆಯುತ್ತದೆ. ನಡುವೆ ಇರುವವರಿಗೆ ಓದಲು ಬರುವುದಿಲ್ಲ. ಆದರೆ ಯಾರು ಯಾರ ಜೊತೆ, ಯಾವಾಗ, ಎಷ್ಟು ಸಲ ಮಾತಾಡಿದರು ಅನ್ನುವುದೂ ಒಂದು ಲೆಕ್ಕವೇ ಅಲ್ವಾ? ಹತ್ತಿ ಸೀಸನ್ನಿನಲ್ಲಿ ಯಾವ ಮಿಲ್ಲಿನವರು ಯಾವ ದಲಾಲಿಗೆ ದಿನಕ್ಕೆ ಎಷ್ಟು ಸಲ ಫೋನ್ ಮಾಡಿದರು ಅಂತ ಗೊತ್ತಾದರೆ ಸಾಕು, ಗಂಜಿನವರಿಗೆ ಉಳಿದದ್ದು ಅಂದಾಜಾಗುತ್ತದೆ. ಸಿಗ್ನಲ್ ಆ ಲೆಕ್ಕ ಇಟ್ಟುಕೊಳ್ಳುವುದೇ ಇಲ್ಲ.

ಇದು ಬರೀ ಬಾಯಿಮಾತಲ್ಲ. 2016ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ಒಂದು ತನಿಖೆಗಾಗಿ ಸಿಗ್ನಲ್‌ಗೆ ಕೋರ್ಟಿನ ನೋಟಿಸ್ ಬಂತು. ಬಳಸುತ್ತಿದ್ದವರ ಮಾಹಿತಿ ಕೊಡಿ ಅಂದರು. ಅವರ ಹತ್ತಿರ ಕೊಡಲು ಇದ್ದದ್ದು ಎರಡೇ: ಖಾತೆ ತೆರೆದ ಹೊತ್ತು, ಕೊನೆಯ ಸಲ ಸಿಗ್ನಲ್‌ನ ಸರ್ವರ್‌ಗೆ ಸಂಪರ್ಕ ಆದ ದಿನ. ಅಷ್ಟನ್ನು ಕೊಟ್ಟರು. ನೋಟಿಸ್ ಬಂದಾಗ ಎದೆ ಡವಡವ ಅನ್ನುವ ಕೆಲಸ ನನ್ನದು. ಹಾಗಾಗಿ ಈ ಸಂಗತಿ ಓದಿದಾಗ ನನಗೆ ತುಂಬಾ ಇಷ್ಟವಾಯಿತು. ಕಾನೂನಿಗೆ ಎದುರು ನಿಲ್ಲಲಿಲ್ಲ, ಇದ್ದದ್ದು ಕೊಟ್ಟರು. ಇಟ್ಟುಕೊಳ್ಳದಿದ್ದದ್ದನ್ನು ಕೊಡಲು ಬರುವುದಿಲ್ಲ.

ದಿನದ ಬಳಕೆಗೆ ಬರುತ್ತೇನೆ. ಬಂದ ಫೋಟೊ ಗ್ಯಾಲರಿಗೆ ಹೋಗುವುದಿಲ್ಲ, ಆ್ಯಪ್‌ ಒಳಗೇ ಉಳಿಯುತ್ತದೆ. ಬೇಕು ಅಂದರೆ ಮಾತ್ರ ನಾನೇ ಸೇವ್ ಮಾಡಬೇಕು. ನನಗೆ ಇದೊಂದೇ ಸಾಕಿತ್ತು. ಆ್ಯಪ್‌ಗೂ ಲಾಕ್ ಹಾಕಿದ್ದೇನೆ. ಕಂಪ್ಯೂಟರಿನಲ್ಲೂ ತೆರೆಯುತ್ತದೆ, ಪಿಡಿಎಫ್ ನೇರ ಗಿರಾಕಿಯ ಫೋಲ್ಡರಿಗೆ ಇಳಿಸುತ್ತೇನೆ. 2024ರ ಫೆಬ್ರುವರಿಯಲ್ಲಿ ಯೂಸರ್‌ನೇಮ್ ಬಂತು. ಹೊಸ ಗಿರಾಕಿಗೆ ನನ್ನ ಸ್ವಂತ ಫೋನ್ ನಂಬರ್ ಕೊಡದೇ ಮಾತಾಡಬಹುದು. ರಾತ್ರಿ ಹತ್ತಕ್ಕೆ ರಿಟರ್ನ್ ಏನಾಯ್ತು ಅಂತ ಕಾಲ್ ಮಾಡುವವರು ಕಡಿಮೆಯಾದರು. ಒಂಟಿ ಹೆಂಗಸು ಆಫೀಸು ನಡೆಸುವಾಗ ಇದು ಸಣ್ಣ ವಿಷಯವಲ್ಲ.

ಫೋಟೊ ಕಳಿಸುವಾಗ ಕ್ವಾಲಿಟಿ 'ಹೈ' ಅಂತ ಇಟ್ಟುಕೊಳ್ಳಲು ಗಿರಾಕಿಗಳಿಗೆ ಹೇಳಿ. ಹಳೆ ಬಿಲ್ಲಿನ ಮಾಸಿದ ಅಂಕಿ ಓದಬೇಕಾದಾಗ ಅದು ಬೇಕಾಗುತ್ತದೆ.

ಮೆಸೇಜು ತಾನಾಗಿ ಅಳಿಯುವ ವ್ಯವಸ್ಥೆ ಇದೆ. ನಾನು 4 ವಾರ ಇಟ್ಟಿದ್ದೇನೆ. ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಅಳಿಯುವುದು ಮಾತುಕತೆ, ಲೆಕ್ಕ ಅಲ್ಲ. ಜಿಎಸ್‌ಟಿ ಲೆಕ್ಕಪತ್ರವನ್ನು ವಾರ್ಷಿಕ ರಿಟರ್ನಿನ ಕೊನೆ ದಿನದಿಂದ 72 ತಿಂಗಳು ಇಡಬೇಕು ಅಂತ ಕಾನೂನಿದೆ. ಅದು ಆಫೀಸಿನಲ್ಲಿ ಇದ್ದೇ ಇರುತ್ತದೆ. ಲೆಕ್ಕ ಮುಚ್ಚಿಡಲು ಈ ಆ್ಯಪ್ ಬೇಕು ಅಂತ ಒಬ್ಬರು ಬಂದಿದ್ದರು. ಅವರ ಕೆಲಸ ನಾನು ಹಿಡಿಯಲಿಲ್ಲ.

ಎಲ್ಲಕ್ಕಿಂತ ನನಗೆ ಹಿಡಿಸಿದ್ದು ಸೇಫ್ಟಿ ನಂಬರ್. ಇಬ್ಬರ ನಡುವಿನ ಬೀಗಕ್ಕೆ 60 ಅಂಕಿಯ ಒಂದು ನಂಬರ್ ಇರುತ್ತದೆ. ಐದೈದು ಅಂಕಿಯ 12 ಗುಂಪು. ಇಬ್ಬರ ಫೋನಿನಲ್ಲೂ ಒಂದೇ ಇದ್ದರೆ ನಡುವೆ ಯಾರೂ ನುಸುಳಿಲ್ಲ ಅಂತ ಅರ್ಥ. ನಮ್ಮಪ್ಪನ ಜೊತೆ ಕೆಲಸ ಮಾಡಿದ ಒಬ್ಬರು ಕಾಕಾ ಇನ್ನೂ ಗಂಜಿನಲ್ಲಿ ಮುನೀಮರಾಗಿದ್ದಾರೆ. ಅವರಿಗೆ ಇದನ್ನು ತೋರಿಸಿದಾಗ, "ತಾಳೆ ನೋಡೋದು ಅನ್ನು ಅವ್ವಾ" ಅಂದರು. ಚಸ್ಮಾ ಒರೆಸಿಕೊಂಡು ಕೂತರು. ಹೊರಗೆ ತೊಗರಿ ಚೀಲ ಇಳಿಸುತ್ತಿದ್ದ ಹಮಾಲರ ಗದ್ದಲ. ಕಾಕಾ ಒಂದೊಂದೇ ಅಂಕಿ ಗಟ್ಟಿಯಾಗಿ ಓದಿದರು, ಒಂದೊಂದು ಗುಂಪಿಗೂ ನಾನು "ಹೂಂ" ಅಂದೆ. ಏಳನೆಯ ಗುಂಪಿನಲ್ಲಿ ಅವರಿಗೆ 3 ಮತ್ತು 8 ಕಲಸಿತು. ಹೋಗಲಿ ಬಿಡಿ ಕಾಕಾ ಅಂದೆ. ಬಿಡಲಿಲ್ಲ. ಮೊದಲಿಂದ ಓದಿದರು. ಹನ್ನೆರಡೂ ಕೂಡಿದ ಮೇಲೆ, ದಿನದ ಕಿರ್ದಿ ಮುಚ್ಚಿದ ಹಾಗೆ, ಫೋನು ಜೇಬಿಗೆ ಹಾಕಿಕೊಂಡರು. ಕ್ಯಾಮೆರಾದಿಂದ ಸ್ಕ್ಯಾನ್ ಮಾಡಿದರೂ ಈ ಕೆಲಸ ಆಗುತ್ತದೆ. ಕಾಕಾಗೆ ಅದು ಬೇಕಾಗಿಲ್ಲ.

ಅವತ್ತೇ ಅವರು ಕೇಳಿದರು: "ಸರ್ಕಾರದವ್ರು ಬಂದು ತೋರ್ಸು ಅಂದ್ರ ಏನ್ ಮಾಡ್ತಿ?"

ತೋರಿಸುತ್ತೇನೆ ಕಾಕಾ, ಅಂದೆ. ನನ್ನ ಕೆಲಸವೇ ಸರ್ಕಾರಕ್ಕೆ ಲೆಕ್ಕ ಒಪ್ಪಿಸುವುದು. ಅಧಿಕಾರಿ ಬಾಗಿಲಿಗೆ ಬಂದು, ಹೆಸರು ಹೇಳಿ, ಕಾಗದ ಕೊಟ್ಟು ಕೇಳಿದರೆ ಕೊಡುವುದು ನನ್ನ ಕರ್ತವ್ಯ. ನನ್ನ ಭಯ ಬೇರೆ. ಬಾಗಿಲಿಗೆ ಬಾರದೆ, ಗೊತ್ತೂ ಮಾಡದೆ, ಕಿಟಕಿಯಲ್ಲಿ ಸದಾ ಒಂದು ಕಿವಿ ಇರುವುದು. ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 69ನೇ ಸೆಕ್ಷನ್ ಪ್ರಕಾರ ಕಂಪ್ಯೂಟರ್ ಮಾಹಿತಿ ಕದ್ದಾಲಿಸುವ, ಬೀಗ ಬಿಡಿಸುವ ಅಧಿಕಾರ ಸರ್ಕಾರಕ್ಕೆ ಇದೆ. 2018ರ ಡಿಸೆಂಬರ್‌ನಲ್ಲಿ ಕೇಂದ್ರ ಗೃಹ ಇಲಾಖೆ 10 ಸಂಸ್ಥೆಗಳಿಗೆ ಅದನ್ನು ಕೊಟ್ಟಿತು. ಅದರಲ್ಲಿ ನೇರ ತೆರಿಗೆ ಮಂಡಳಿಯೂ ಒಂದು. ಅಪ್ಪಣೆ ಕೊಡುವುದು ಸರ್ಕಾರದ ಅಧಿಕಾರಿ, ಪರಿಶೀಲಿಸುವುದು ಅಧಿಕಾರಿಗಳ ಸಮಿತಿ. ನ್ಯಾಯಾಧೀಶರ ಸಹಿ ಎಲ್ಲೂ ಬೇಕಿಲ್ಲ. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ ಅಂತ ಗೊತ್ತು ಮಾಡಿದ್ದಾರೆ. ಅದರ 247ನೇ ಸೆಕ್ಷನ್‌ನಲ್ಲಿ ಶೋಧದ ವೇಳೆ ಇಮೇಲ್, ಕ್ಲೌಡ್, ಸೋಶಿಯಲ್ ಮೀಡಿಯಾ ಖಾತೆಗಳ ಪಾಸ್‌ವರ್ಡ್ ಮೀರಿ ಒಳಗೆ ಹೋಗಲು ಅವಕಾಶ ಇದೆ. ತೆರಿಗೆ ಕಳ್ಳರನ್ನು ಹಿಡಿಯಬೇಕು, ಒಪ್ಪುತ್ತೇನೆ. ಆದರೆ ನನ್ನ ಒಬ್ಬ ಗಿರಾಕಿಯ ಶೋಧದಲ್ಲಿ ಉಳಿದ ನೂರು ಜನರ ಕಾಗದ ತೆರೆದುಕೊಂಡರೆ? ಬೇರೆಯವರ ಕಾಗದ ಕೈಯಲ್ಲಿ ಹಿಡಿದವರಿಗೇ ಈ ಸಂಕಟ ಗೊತ್ತಾಗುವುದು.

ಪೊಲೀಸರ ಕಷ್ಟ ನನಗೆ ಗೊತ್ತಿಲ್ಲದೆ ಇಲ್ಲ. 'ಡಿಜಿಟಲ್ ಅರೆಸ್ಟ್' ಅಂತ ಹೆದರಿಸಿ ವಯಸ್ಸಾದವರ ಜೀವಮಾನದ ಉಳಿತಾಯ ದೋಚುವವರೂ ಇಂಥ ಆ್ಯಪ್‌ಗಳಲ್ಲೇ ಕಾಲ್ ಮಾಡುತ್ತಾರೆ. ಗಂಭೀರ ಅಪರಾಧಗಳ ತನಿಖೆಗೆ ಅಂತ ಸರ್ಕಾರ 2021ರ ಐಟಿ ನಿಯಮಗಳಲ್ಲಿ, ಮೆಸೇಜ್ ಮೊದಲು ಕಳಿಸಿದವರು ಯಾರು ಅಂತ ಹೇಳಬೇಕು ಅಂದಿತು. ವಾಟ್ಸಾಪ್ ದೆಹಲಿ ಹೈಕೋರ್ಟಿಗೆ ಹೋಯಿತು. ಬೀಗ ಮುರಿಯಿರಿ ಅಂದರೆ ನಾವು ಇಲ್ಲಿಂದ ಹೋಗಬೇಕಾಗುತ್ತದೆ ಅಂತ 2024ರ ಏಪ್ರಿಲ್‌ನಲ್ಲಿ ಅವರ ವಕೀಲರು ಹೇಳಿದರು. ಪೊಲೀಸರಿಗಷ್ಟೇ ಒಂದು ಕೀಲಿ ಮಾಡಿಕೊಟ್ಟರೆ ಆಯ್ತಲ್ಲ ಅಂತ ನಾನೂ ಅಂದುಕೊಂಡಿದ್ದೆ. ಅದೇ ವರ್ಷ ಅಮೆರಿಕದಲ್ಲಿ ಏನಾಯಿತು ನೋಡಿ. ಕೋರ್ಟಿನ ಅಪ್ಪಣೆ ಮೇಲೆ ಫೋನ್ ಕದ್ದಾಲಿಸಲು ಟೆಲಿಕಾಂ ಕಂಪನಿಗಳಲ್ಲಿ ಮಾಡಿಟ್ಟಿದ್ದ ದಾರಿಯೊಳಗೇ ಚೀನಾದ ಹ್ಯಾಕರ್‌ಗಳು ನುಗ್ಗಿದ್ದು ಬಯಲಾಯಿತು. ಆಮೇಲೆ ಅಲ್ಲಿನ ಸರ್ಕಾರದ ಸೈಬರ್ ಸಂಸ್ಥೆಯೇ ದೊಡ್ಡ ಹುದ್ದೆಯವರಿಗೆ ಸಿಗ್ನಲ್‌ನಂಥ ಆ್ಯಪ್ ಬಳಸಿ ಅಂತ ಸಲಹೆ ಕೊಟ್ಟಿತು. ಒಳ್ಳೆಯವರಿಗೆ ಅಂತ ಗೋಡೆಯಲ್ಲಿ ತೂತು ಕೊರೆದರೆ ಅದರಲ್ಲಿ ಇಲಿಯೂ ಬರುತ್ತದೆ.

2025ರ ಡಿಸೆಂಬರ್‌ನಲ್ಲಿ ಸರ್ಕಾರದ ಸಂಚಾರ್ ಸಾಥಿ ಆ್ಯಪನ್ನು ಎಲ್ಲ ಹೊಸ ಫೋನಿಗೂ ಹಾಕಿಯೇ ಕೊಡಬೇಕು ಅಂತ ಆದೇಶ ಇದೆ ಅನ್ನುವ ಸುದ್ದಿ ಬಂತು. ಜನ ಕೇಳಿದರು, ಕೆಲವೇ ದಿನದಲ್ಲಿ ಕಡ್ಡಾಯ ತೆಗೆದರು. ಆ ಸೇವೆ ಕೆಟ್ಟದ್ದಲ್ಲ. ಕಳೆದ ಫೋನ್ ಬ್ಲಾಕ್ ಮಾಡಬಹುದು, ನಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇದೆ ನೋಡಬಹುದು. ನಾನೇ ಗಿರಾಕಿಗಳಿಗೆ ಹೇಳುತ್ತೇನೆ. ಬೇಕಾದವರು ಹಾಕಿಕೊಳ್ಳುವುದು ಬೇರೆ, ಬೇಡ ಅಂದರೂ ಕೂರಿಸುವುದು ಬೇರೆ.

ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು ಹೇಳಿದರಲ್ಲ, ಆ ಕೇಸಿನ ಹೆಸರೇ ಪುಟ್ಟಸ್ವಾಮಿ. ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 80 ದಾಟಿದ ಮೇಲೆ ಆಧಾರ್ ವಿಷಯಕ್ಕೆ ಹೂಡಿದ ಕೇಸು. 2024ರಲ್ಲಿ ಅವರು ತೀರಿಕೊಂಡ ಸುದ್ದಿ ಓದಿದ ದಿನ ಆಫೀಸಿನಲ್ಲಿ ಸುಮ್ನೆ ಸ್ವಲ್ಪ ಹೊತ್ತು ಕೂತಿದ್ದೆ.

ಇನ್ನು ಕೊರತೆಗಳು. ಮೊದಲನೆಯದು, ಜನ ಇಲ್ಲ. ಊರೆಲ್ಲಾ ವಾಟ್ಸಾಪ್‌ನಲ್ಲಿದೆ. ಎರಡು ವರ್ಷ ಬೆನ್ನು ಹತ್ತಿದರೂ ನನ್ನ ಗಿರಾಕಿಗಳಲ್ಲಿ ಸಿಗ್ನಲ್‌ಗೆ ಬಂದದ್ದು ಮೂರರಲ್ಲಿ ಒಂದು ಪಾಲು. ಉಳಿದವರಿಗೆ ಆಧಾರಿನ ಮೊದಲ 8 ಅಂಕಿ ಮುಚ್ಚಿದ ಮಾಸ್ಕ್ಡ್ ಆಧಾರ್ ಕಳಿಸಿ ಅಂತೇನೆ. ಖಾತೆ ತೆರೆಯಲು ಮೊಬೈಲ್ ನಂಬರ್ ಬೇಕೇ ಬೇಕು. ಫೋನೇ ಬೇರೆಯವರ ಕೈಗೆ ಸಿಕ್ಕರೆ, ಇಲ್ಲಾ ಫೋನಿನೊಳಗೆ ಬೇಹುಗಾರಿಕೆ ಸಾಫ್ಟ್‌ವೇರ್ ಕೂತರೆ, ಯಾವ ಆ್ಯಪ್ ಕೂಡ ಕಾಯುವುದಿಲ್ಲ.

ದೊಡ್ಡದು ಬ್ಯಾಕಪ್. 2025ರ ಮೇ ತಿಂಗಳಲ್ಲಿ ಸ್ಕೂಟಿಯಿಂದ ಬಿದ್ದು ನನ್ನ ಫೋನ್ ಸತ್ತೇಹೋಯಿತು. ಫೋನಿನೊಳಗೇ ಬ್ಯಾಕಪ್ ಇಡುವ ದಾರಿ ಆಗಲೂ ಇತ್ತು, ನಾನು ಮಾಡಿರಲಿಲ್ಲ. ಮಾಡಿದ್ದರೂ ಕಾಪಿ ಬೇರೆ ಕಡೆ ಇಡಬೇಕಿತ್ತು. ಹಳೆ ಮಾತೆಲ್ಲಾ ಹೋಯಿತು. ಫೈಲುಗಳು ಕಂಪ್ಯೂಟರಿನಲ್ಲಿ ಇದ್ದದ್ದಕ್ಕೆ ಬಚಾವಾದೆ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಸಿಗ್ನಲ್‌ನವರು ಕ್ಲೌಡ್ ಬ್ಯಾಕಪ್ ಶುರು ಮಾಡಿದರು. ಮೆಸೇಜು ಮತ್ತು 45 ದಿನದ ಫೋಟೊ-ಫೈಲಿಗೆ ದುಡ್ಡಿಲ್ಲ. 64 ಅಕ್ಷರದ ಒಂದು ಕೀಲಿ ಕೊಡುತ್ತಾರೆ. ಅದು ಕಳೆದರೆ ಅವರ ಕೈಯಲ್ಲೂ ತೆರೆಯಲು ಆಗುವುದಿಲ್ಲ. ನಾನು ಹಾಳೆಯಲ್ಲಿ ಬರೆದು ಅಪ್ಪನ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ.

5ಕ್ಕೆ 4 ಕೊಡುತ್ತೇನೆ. ಬೇರೆಯವರ ಕಾಗದ ಹಿಡಿಯುವ ಕೆಲಸ ನಿಮ್ಮದಾದರೆ, ಡಾಕ್ಟರು, ವಕೀಲರು, ಝೆರಾಕ್ಸ್ ಅಂಗಡಿಯವರು ಯಾರೇ ಆಗಲಿ, ಇವತ್ತೇ ಹಾಕಿಕೊಳ್ಳಿ.

ಮೇನಲ್ಲಿ ಹೊಸ ಫೋನ್ ತಂದು ಸಿಗ್ನಲ್ ಹಾಕಿದ ಮರುದಿನದ ಮಾತು. ಕಾಕಾ ಒಂದು ಬ್ಯಾಂಕ್ ಸ್ಟೇಟ್‌ಮೆಂಟ್ ಕಳಿಸಬೇಕಿತ್ತು, ಬರಲಿಲ್ಲ. ಮಧ್ಯಾಹ್ನ ಒಂದೂವರೆಗೆ, ರಾಯಚೂರಿನ ಆ ಬಿಸಿಲಲ್ಲಿ, ತಲೆಗೆ ಟವೆಲ್ ಸುತ್ತಿಕೊಂಡು ಮೆಟ್ಟಿಲು ಹತ್ತಿ ಆಫೀಸಿಗೇ ಬಂದರು. "ನಿನ್ನ ಸೇಫ್ಟಿ ನಂಬರ್ ಬದ್ಲಾಗ್ಯದ ಅಂತ ತೋರ್ಸ್ತು ಅವ್ವಾ. ಹಂಗೇ ಕಳ್ಸೋದು ಹ್ಯಾಂಗ?" ಅಂದರು. ನೀರು ಕುಡಿದರು. ಚಸ್ಮಾ ಒರೆಸಿಕೊಂಡು, ಮೊದಲ ಐದು ಅಂಕಿ ಓದತೊಡಗಿದರು.